ಯಾವ ತಿಂಗಳು

ಮಣಿಪಾಲದ ಗುಡ್ಡದ ಮೇಲಿನ ದೊಡ್ಡ ಕಚೇರಿ.
ಮೇಜಿನ ಆಚೆ ಮೂವರು,
ಈಚೆ ನಾನು, ಅಣ್ಣ ಭುಜಂಗ, ಪಕ್ಕದ ಮನೆಯ ಅಪ್ಪಿಯಕ್ಕ.
ಮೂವರೂ ಅಣ್ಣನ ಮುಖ ನೋಡಿ ನನ್ನ ಹೆಸರು ಕೇಳಿದರು.

ಕಸ್ತೂರಿ ತಿಂಗಳಾಯ, ಎಂದೆ ನಾನು.
ಮನೆಯಲ್ಲಿ ಬೇಬಿ.
ನಲವತ್ತಮೂರು ವರ್ಷದಿಂದ ಬೇಬಿ.

ಈಗ ಯಾವ ತಿಂಗಳು, ಬೇಬಿ?
ಕನ್ನಡಕದವರು ಕೇಳಿದರು,
ತುತ್ತು ಉಣಿಸುವವರ ಸ್ವರದಲ್ಲಿ.
ಹೆಸರಲ್ಲೇ ಒಂದು ತಿಂಗಳು ಉಂಟಲ್ಲ ಸಾರ್ ಎಂದೆ. ಯಾರೂ ನಗಲಿಲ್ಲ.
ಬೋಟು ಕಟ್ಟಿ ಹಾಕಿದ ತಿಂಗಳು, ಎಂದೆ.
ಒಂದು ಮುಗಿಯಿತು, ಇದು ಎರಡನೆಯದು.
ಮಲ್ಪೆ ಬಂದರಿನಲ್ಲಿ ಮೈಗೆ ಮೈ ತಾಗಿಸಿ ನಿಂತಿವೆ ಎಲ್ಲ,
ಐಸ್ ಫ್ಯಾಕ್ಟರಿ ಉಸಿರು ಹಿಡಿದಿದೆ,
ನಾಡದೋಣಿಯ ಬೂತಾಯಿಗೆ ಚಿನ್ನದ ರೇಟು,
ನಾನೂ ಅಪ್ಪಿಯಕ್ಕನೂ ಒಣಮೀನು ಮಾರುತ್ತಿದ್ದೇವೆ.

ಅವರು ಬರೆದರು: ಗೊತ್ತಿಲ್ಲ.
ನನಗೆ ಓದುವುದು ನಿಧಾನ. ಆದರೆ ಆ ಒಂದು ಶಬ್ದ ಬೇಗ ಓದುತ್ತೇನೆ,
ಅಷ್ಟು ಸಲ ನೋಡಿದ್ದೇನೆ ಅದನ್ನು ನನ್ನ ಹೆಸರಿನ ಎದುರು.

ನೂರರಲ್ಲಿ ಏಳು ಕಳೆದರೆ ಎಷ್ಟು?
ಅದು ನಿಜವಾಗಿಯೂ ಗೊತ್ತಿಲ್ಲ ಮಾರಾಯ್ರೆ.
ಆದರೆ ನಿನ್ನೆಯ ಬಂಗುಡೆಯನ್ನು ಇವತ್ತಿನ ಐಸಿನಲ್ಲಿಟ್ಟು
ತಾಜಾ ಎಂದರೆ ಹಿಡಿಯುತ್ತೇನೆ.
ಮೊದಲು ಮೀನಿನ ಕಣ್ಣು ನೋಡುವುದು,
ಆಮೇಲೆ ಮಾರುವವರದ್ದು.

ಅಮ್ಮ ಹೋಗಿ ವರ್ಷ ಆಯಿತು.
ಅಮ್ಮನ ಪಾಲು, ನನ್ನ ಪಾಸ್‌ಬುಕ್ಕು, ಇನ್ನು ಯಾರ ಕೈಯಲ್ಲಿ
ಎನ್ನುವುದು ಇವತ್ತಿನ ಮಾತು.
ಅಣ್ಣ ಕೆಟ್ಟವನಲ್ಲ. ಅವನಿಗೆ ಹೆದರಿಕೆ,
ನನ್ನ ಸಹಿ ತೆಗೆದುಕೊಂಡು ಯಾರಾದರೂ ಮೋಸ ಮಾಡಿಯಾರೆಂದು.
ಚೀಟಿಯವನೊಬ್ಬ ಅಣ್ಣನಿಗೇ ಎಂಬತ್ತು ಸಾವಿರ ಮುಳುಗಿಸಿದ್ದ.
ಆಗ ಅಣ್ಣನ ಸಹಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ.

ಕಾಗದ ಓದಿ, ಎಂದೆ. ನನ್ನದಲ್ವಾ?
'ಸದರಿ ವ್ಯಕ್ತಿಯು ಸ್ವತಃ ನಿರ್ಧಾರ ಕೈಗೊಳ್ಳಲು ಅಸಮರ್ಥಳಾದ ಪ್ರಯುಕ್ತ,
ಸದರಿಯವಳ ಸ್ಥಿರ ಚರ ಸ್ವತ್ತುಗಳಿಗೆ ಸಂಬಂಧಿಸಿದಂತೆ...'
ಇನ್ನೊಮ್ಮೆ. ನಿಧಾನ.
ಓದಿದರು.
ಸದರಿ ಅಂದರೆ ಯಾರು?
ನೀವೇ.
ಹಾಗಾದರೆ ಕಸ್ತೂರಿ ಅಂತ ಓದಿ.

ಮೂರನೆಯ ಸಲ ಅರ್ಧದಲ್ಲಿ ನಿಂತರು.
ಕನ್ನಡಕ ತೆಗೆದು ವಾಕ್ಯದ ಬಾಲ ಹುಡುಕಿದರು,
ಪಕ್ಕದವರತ್ತ ವಾಲಿ, ಇದು ಎಂತ ಇದು? ಎಂದರು.
ಪಕ್ಕದವರು ಬೆರಳಿಟ್ಟು ಬಿಡಿಸಿ ಹೇಳಿದರು.
ಓ, ಹಾಗಾ, ಎಂದರು.

ಹೀಗೆಯೇ, ಎಂದೆ ನಾನು.
ನನಗೂ ಒಬ್ಬರು ಪಕ್ಕದವರು ಸಾಕು.
ಅಪ್ಪಿಯಕ್ಕ ಓದಿ ಹೇಳುತ್ತಾಳೆ, ಎರಡು ಸಲ, ಬೈಯದೆ.
ಹೌದೋ ಅಲ್ಲವೋ ನಾನು ಹೇಳುತ್ತೇನೆ.

ಫ್ಯಾನು ಮಾತ್ರ ತಿರುಗುತ್ತಿತ್ತು.
ಅಪ್ಪಿಯಕ್ಕ ಸೆರಗಿನ ತುದಿಯನ್ನು ಬಿಚ್ಚಿ ಕಟ್ಟಿದಳು, ಮತ್ತೆ ಬಿಚ್ಚಿದಳು.
ಫೈಲು ಮುಚ್ಚಿ, ಮುಂದಿನ ತಿಂಗಳು ಬನ್ನಿ, ನೋಡುವ, ಎಂದರು.
ಬೋಟು ಇಳಿಯುವ ತಿಂಗಳಾ?
ಅದೇ, ಎಂದರು ಕನ್ನಡಕದವರು, ಈ ಸಲ ನನ್ನ ಮುಖ ನೋಡಿ.
ಬರೆದದ್ದನ್ನು ಮಾತ್ರ ಹೊಡೆದು ಹಾಕಲಿಲ್ಲ.

ಬಸ್ ಸ್ಟಾಂಡಿನಲ್ಲಿ ಅಣ್ಣ ತುಂಬಾ ಹೊತ್ತು ಮಾತಾಡಲಿಲ್ಲ.
ಕೊಡೆಯ ಕಡ್ಡಿ ಸರಿ ಮಾಡಿದ. ಆಮೇಲೆ,
ಎಲ್ಲಿಗೆ ಹೋಗುವ? ಎಂದ.
ಅಪ್ಪಿಯಕ್ಕನನ್ನಲ್ಲ, ನನ್ನನ್ನು.

ನನ್ನ ಹತ್ತಿರ ಉತ್ತರ ಇರಲಿಲ್ಲ.
ಯಾರೂ ಕೇಳದ ಪ್ರಶ್ನೆಗೆ ಉತ್ತರ ಕಟ್ಟಿಟ್ಟುಕೊಳ್ಳುವುದು ಹೇಗೆ?
ಮಲ್ಪೆಯ ಬಸ್ಸು ಹೋಯಿತು. ಇನ್ನೊಂದು ಹೋಯಿತು.
ಅಣ್ಣ ವಾಚು ನೋಡಿದ, ಕೈಯನ್ನು ಕಿಸೆಗೆ ಹಾಕಿದ, ಕಾದ.
ಮೂರನೆಯದರ ಬಾಗಿಲಲ್ಲಿ ನೇತಾಡುತ್ತಾ ಕಂಡಕ್ಟರ್
ಊರುಗಳ ಹೆಸರು ಕೂಗುತ್ತಿದ್ದ.
ನಾನು ಒಂದೊಂದನ್ನೂ ಕೇಳಿಸಿಕೊಂಡೆ.