ತಡವಾಗಿ ಬರುವ ನೆರಳು

ಶನಿವಾರ ಹನ್ನೊಂದು ಗಂಟೆಗೆ
ಟೇ ನದಿಯ ಗಾಳಿ ಬಾಗಿಲು ತಳ್ಳಿ
ಇಬ್ಬರನ್ನು ಅಂಗಡಿಯೊಳಗೆ ಬಿಟ್ಟು ಹೋಯಿತು.
ಹಳದಿ ಮಳೆಯಂಗಿಯ ಮಿರೆನ್:
ಸೆಪ್ಟೆಂಬರಿಗೆ ಗೇಮ್ ಡಿಸೈನ್ ತರಗತಿ ಶುರು.
ಅವಳ ಹಿಂದೆ, ಕೈಚೀಲವನ್ನು ಕಂಕುಳಲ್ಲಿ ಅವುಚಿಕೊಂಡ ಅಜ್ಜಿ.

ನಾನು ಮಾರುವವನು. ನನಗೆ ಬರುವ ಮಂತ್ರ ಒಂದೇ:
ಗ್ರಾಫಿಕ್ಸ್ ಕಾರ್ಡು ಇಂಥದ್ದು, ಮೆಮೊರಿ ಇಷ್ಟು,
ಪರದೆಗೆ ಸೆಕೆಂಡಿಗೆ ನೂರ ನಲವತ್ತನಾಲ್ಕು ರೆಪ್ಪೆಬಡಿತ.
ಹುಡುಗಿ ಹೂಂಗುಟ್ಟಿದಳು. ಅವಳ ಕಣ್ಣು ಆಗಲೇ
ಕಿಟಕಿ ಪಕ್ಕದ ಬೆಳ್ಳಿ ಬಣ್ಣದ್ದರ ಮೇಲೆ.
ಓಟ್ಸ್ ಬಿಸ್ಕತ್ತಿನಷ್ಟು ತೆಳು ಅದು;
ಹಕ್ಕಿಮರಿಯಂತೆ ಒಂದೇ ಕೈಯಲ್ಲಿ ಎತ್ತಿಕೊಂಡಳು.

ಅಜ್ಜಿ ಅಂದಳು: ಮಗುಚಿ ಹಾಕು.
ಯಾವುದನ್ನ?
ಎಲ್ಲಾನೂ.

ಒಂಬತ್ತು ವರ್ಷದಲ್ಲಿ ಒಬ್ಬರೂ
ಇವುಗಳ ಬೆನ್ನು ತೋರಿಸು ಅಂದದ್ದಿಲ್ಲ.
ಬಾಣಲೆಯ ಮೀನು ಮಗುಚಿದ ಹಾಗೆ
ಆರನ್ನೂ ಸಾಲಾಗಿ ಮಗುಚಿದೆ.
ಕನ್ನಡಕ ಹಣೆಗೇರಿಸಿ ಅವಳು
ತಿರುಪುಮೊಳೆ ಎಣಿಸತೊಡಗಿದಳು,
ತುಟಿ ಮಾತ್ರ ಆಡುತ್ತಿತ್ತು.

‘ಗಡಿಯಾರದ ಕಾರ್ಖಾನೆ, ಹನ್ನೊಂದು ವರ್ಷ.
ಆಮೇಲಾಮೇಲೆ ಗಡಿಯಾರ ಬಿಡಿಸಿ
ರಬ್ಬರು ಗುಂಡಿಯ ಪುಟ್ಟ ಕಂಪ್ಯೂಟರಿಗೆ ಕೂರಿಸಿದ್ರು.
ದಿನಕ್ಕೆ ಎಷ್ಟು ಜೋಡಿಸ್ತಿದ್ದೆ, ಮರೆತೆ.
ಈ ಬೆರಳಿಗೆ ಮರೆವಿಲ್ಲ.’

ಬೆಳ್ಳಿಯದಕ್ಕೆ ತಿರುಪೇ ಇಲ್ಲ. ಅಂಟು.
ಮೆಮೊರಿ?
ಬೋರ್ಡಿಗೇ ಬೆಸುಗೆ, ಅಂದೆ;
ಅವಳ ಮುಂದೆ ಸುಳ್ಳಿಗೆ ನಾಲಗೆ ಹೊರಳಲಿಲ್ಲ.
‘ಹಾಗಾದ್ರೆ ಇದು ಬೆಳೆಯೋದಲ್ಲ.
ಹುಡುಗಿ ಬೆಳೀತಾಳೆ.’

‘ದಿನಾ ನಾಲ್ಕು ಮಹಡಿ ಹತ್ತೋಳು ನಾನು,’ ಮಿರೆನ್ ಸಿಡುಕಿದಳು,
‘ಆ ದಪ್ಪದ್ದರ ಚಾರ್ಜರು ನೋಡು, ಇಟ್ಟಿಗೆ!’
ಅದೂ ಸುಳ್ಳಲ್ಲ.
ನಾನು ಯಾರ ಕಡೆಗೂ ಸೇರದೆ
ಕೌಂಟರಿನ ಧೂಳು ಒರೆಸಿದೆ.

ಆಗ ಅವಳು ಜೇಬಿನಿಂದ ಪೆನ್‌ಡ್ರೈವು ತೆಗೆದಳು.
ಅವಳದೇ ಆಟ, ಅರ್ಧ ಮಾಡಿದ್ದು:
ರಾತ್ರಿ, ಹಳೇ ವಠಾರದ ಕಲ್ಲು ಮೆಟ್ಟಿಲು,
ಒಬ್ಬ ಮನುಷ್ಯ ಹತ್ತುತ್ತಾನೆ,
ಮಹಡಿಗೊಂದು ದೀಪ ಹತ್ತುತ್ತದೆ, ಆರುತ್ತದೆ.
ಅಷ್ಟೇ. ಯಾರೂ ಸಾಯುವುದಿಲ್ಲ. ಬಾಗಿಲು ಇನ್ನೂ ಬರೆದಿಲ್ಲ.

ಬೆಳ್ಳಿಯದರಲ್ಲಿ ಓಡಿಸಿದೆವು.
ಮೊದಲ ಮಹಡಿ ಚೆಂದ. ಎರಡನೆಯದಕ್ಕೆ ಮೈ ಬಿಸಿ.
ಮೂರಕ್ಕೆ ಮನುಷ್ಯ ತಿರುವು ದಾಟಿಬಿಟ್ಟ;
ಅವನ ನೆರಳು
ಆಮೇಲೆ ಬಂತು, ಏದುಸಿರು ಬಿಡುತ್ತ.

‘ನೆರಳನ್ನ ಹಿಂದೆ ಬಿಟ್ಟು ಹೋಗೋ ಗಂಡಸನ್ನ
ನಾನೂ ಕಟ್ಟಿಕೊಂಡಿದ್ದೆ,’ ಅಂದಳು ಅಜ್ಜಿ. ‘ಬೇಡ.’

ನಗಬಾರದಿತ್ತು, ನಕ್ಕೆ. ಮಿರೆನ್ ನಗಲಿಲ್ಲ.
ದಪ್ಪದ್ದನ್ನು ತಾನೇ ಎಳೆದುಕೊಂಡು ಆಟ ಹಚ್ಚಿದಳು:
ಫ್ಯಾನು ಕೆಟಲ್ಲಿನ ಹಾಗೆ ಗುಂಯ್ಯೆಂದಿತು,
ನೆರಳು ಕಾಲಿಗೆ ಹೊಲಿದಂತೆ ಹತ್ತಿತು
ನಾಲ್ಕೂ ಮಹಡಿ.
ಮತ್ತೊಮ್ಮೆ ಹತ್ತಿಸಿದಳು. ಮತ್ತೊಮ್ಮೆ.
ಬೆಳ್ಳಿಯದರ ಕಡೆ ಕೊನೆಯ ಸಲ ನೋಡಿ
ರೇಗಿದವಳಂತೆ, ‘ಸರಿ,’ ಅಂದಳು.

ಡೆಮೋಗೆ ಇಟ್ಟದ್ದು, ಕಳೆದ ವರ್ಷದ್ದು, ಮೂಲೆಯಲ್ಲೊಂದು ಗೀರು.
ಗೀರಿಗೆ ಎಷ್ಟು ಬಿಡ್ತೀ? ಅರವತ್ತು ಪೌಂಡು.
ಬ್ಯಾಗೂ ಹಾಕು.
ಕಡಲ ದಂಡೆಯ ಕ್ಯಾರವಾನು ಮಾರಿದ ದುಡ್ಡು,
ಬ್ಯಾಂಕಿನ ಪಟ್ಟಿಯನ್ನೂ ಬಿಚ್ಚಿರಲಿಲ್ಲ.

ಬಿಲ್ಲಿಗೆ ಹೆಸರು ಕೇಳಿದೆ. ಸೆಂಗಾ.
ಆಗ್ನೆಸ್ ಅನ್ನೋದು ಅವಳಮ್ಮನ ಹೆಸರಂತೆ,
ಅಕ್ಷರಗಳನ್ನು ಹಿಂದಿನಿಂದ ಜೋಡಿಸಿ ಇವಳಿಗಿಟ್ಟರಂತೆ.
‘ನನ್ನನ್ನೂ ಮಗುಚೇ ಹಾಕಿದ್ದು,’ ಅಂದಳು,
ಚಿಲ್ಲರೆ ಎರಡು ಸಲ ಎಣಿಸಿಕೊಂಡು ಹೋದಳು.
ಬ್ಯಾಗಿನ ಭಾರಕ್ಕೆ ಮಿರೆನ್ ಒಂದು ಕಡೆ ವಾಲಿ ನಡೆಯುತ್ತಿದ್ದಳು.

ಉಳಿದ ಐದು ಇನ್ನೂ ಬೋರಲು ಬಿದ್ದಿದ್ದವು.
ನೆಟ್ಟಗೆ ಮಾಡಲು ಹೋದವನು
ಮೊದಲು ಎಣಿಸಿದೆ.
ಹತ್ತು. ಎಂಟು. ಹತ್ತು. ಒಂದರಲ್ಲಿ ಏಳು,
ಒಂದು ಎಲ್ಲೋ ಬಿದ್ದುಹೋಗಿದೆ.
ಅಂಟು.