ರಿಜೆಕ್ಟು

ಹತ್ತು ಗಾಲಿಯ ಲಾರಿ ಹಾದರ
ಬಾಯಿ ಮುಚ್ಚಿದ್ರೂ ಹಲ್ಲಿಗೆ ಕೆಂಪು ಧೂಳು ಹತ್ತತಿತ್ತು.
ಡಿಚೋಲಿಗೆ ನಾ ಬಂದ ವರ್ಷ
ಗಂಡ ಕ್ಲೀನರು, ಆಮ್ಯಾಲೆ ಡ್ರೈವರು, ಆಮ್ಯಾಲೆ ಸಾಲದ ಲಾರಿಯ ಮಾಲಕ;
ದಿನಕ್ಕ ಎಷ್ಟು ಟ್ರಿಪ್ಪು ಅನ್ನೂದ ನಮ್ಮ ಮನಿ ಪಂಚಾಂಗ.

ಅದಿರು ಹಡಗು ಹತ್ತತಿತ್ತು.
ಬ್ಯಾಡಾದದ್ದು ಇಲ್ಲೇ ಸುರೀತಿದ್ರು,
ಅದಕ್ಕ ರಿಜೆಕ್ಟು ಅಂತಾರ.
ಸುರುವಿ ಸುರುವಿ ಗುಡ್ಡ ಆತು.
ಮಳಿಗಾಲಕ್ಕ ಆ ಗುಡ್ಡ ಇಳದು
ಶೆವಂತಿ ಗಾವಸಳ ಗದ್ದಿಯೊಳಗ ಬಂದು ಮಲಗತಿತ್ತು,
ಅಂಬಲಿ ಚೆಲ್ಲಿದಂಗ, ಆದ್ರ ಕೆಂಪಗ.
ಆಕಿ ಬಾವಿ ನೀರಾಗ ಅದ್ದಿದ ಬಿಳೇ ಅರಿವಿ
ಮತ್ತ ಬಿಳೇದು ಆಗಲೇ ಇಲ್ಲ.

ಗಣಿ ಬಂದಾತು.
ಲಾರಿ ಹಿತ್ತಲದಾಗ ನಿಂತು, ಮ್ಯಾಲೆ ತೊಂಡೆಬಳ್ಳಿ ಹಬ್ಬಿತು.
ನಾ ನರ್ಸರಿಗೆ ಹೋದೆ.
ಚೀಲ ತುಂಬೂ ಕೆಲಸ: ಮಣ್ಣು, ಸಗಣಿ ಗೊಬ್ಬರ, ಭತ್ತದ ಹೊಟ್ಟು,
ಹೆಬ್ಬೆರಳಿಲೆ ಮೂಲಿ ಒಳಗ ಒತ್ತಬೇಕು,
ಇಲ್ಲಂದ್ರ ಚೀಲ ಕುಡುಕನಂಗ ವಾಲತೈತಿ.
ನೂರು ಚೀಲಕ್ಕ ಇಷ್ಟು ಅಂತ ಪಗಾರ.
"ಕಲ್ಲಿನ ಮ್ಯಾಲೆ ಗಿಡ ಹಚ್ಚತೀರೇನು?" ಗಂಡ ನಕ್ಕ.
ನಗೂವಂಥಾದ್ದ ಇತ್ತು ಬಿಡ್ರಿ.

ಮೊದಲನೇ ಸಲ ಹಚ್ಚಿದ್ದು ಅಕೇಶಿಯಾ.
ಲಗೂನ ಬೆಳೀತು, ಫೋಟೋಕ್ಕ ಹಸರು ಸಾಕಾತು.
ಬುಡಕ್ಕ ಒಂದು ಕರಕಿ ಸೈತ ಏಳಲಿಲ್ಲ,
ದನ ಮೂಸಿ ನೋಡಿ ಹೊಳ್ಳಿದುವು.
ಎರಡನೇ ಸಲ ಶೆವಂತಿ ಬಂದು
ಸೊಂಟದ ಮ್ಯಾಲೆ ಕೈ ಇಟ್ಟು, ಕೊಂಕಣಿಯಾಗ, ಸಾಹೇಬಗ ಅಂದಳು:
ಈ ಊರ ಗಿಡದ ಹೆಸರು ಈ ಊರಿಗೆ ಗೊತ್ತೈತಿ, ಕೇಳು.
ಮತ್ತಿ ಬೀಜ ಆರಿಸಿ ತಂದ್ವಿ, ಐದೈದು ರೆಕ್ಕಿಯವು;
ಕಿಂದಳ, ಮುರುಗಲ, ಗೇರು.
ತೆಂಗಿನ ನಾರಿನ ಚಾಪಿ ಹಾಸಿ, ಗೂಟ ಬಡದು,
ಓಡಿಹೋಗೂ ಕೂಸಿನ ಅಂಗಿ ಹಿಡದಂಗ
ಮಣ್ಣು ಹಿಡದ್ವಿ.

ಸತ್ತುವು ಭಾಳ. ಮೊದಲ ಬ್ಯಾಸಿಗಿಗೇ ಅರ್ಧ.
ಸತ್ತ ಜಾಗದಾಗ ಮತ್ತ ತಗ್ಗು, ಮತ್ತ ಚೀಲ.

ಏಳನೇ ವರ್ಷ ಶೆವಂತಿ
ಬಾವಿಕಟ್ಟಿಗೆ ನನ್ನ ಕರದಳು. ಮಾತಾಡಲಿಲ್ಲ.
ತಳದಾಗ ಒಂದು ಹಿತ್ತಾಳಿ ಗಿಂಡಿ ಕಾಣತಿತ್ತು,
ಅವರತ್ತಿ ಬೀಳಿಸಿದ್ದಂತ.
ಆ ವರ್ಷ ಟ್ಯಾಂಕರಿನ ರೊಕ್ಕ ಉಳೀತು.
ಮುರುಗಲ ಸಿಪ್ಪಿ ಒಣಗಿಸಿ ಹೆಂಗಸರ ಸಂಘ ಮಾರಿತು.
ಗೇರಿನ ಹರಾಜಿಗೆ ಜಗಳ ಆತು;
ಜಗಳ ಆತಂದ್ರ ಬೆಲೆ ಬಂತಂತ ತಿಳೀರಿ.

ಮೊನ್ನೆ ಒಬ್ಬ ಹುಡುಗ ಬಂದ:
ಬೂಟು, ಟೇಪು, ಕೆಂಪು ಬಣ್ಣದ ಡಬ್ಬಿ.
ರಿಜೆಕ್ಟಿಗೂ ಈಗ ಗಿರಾಕಿ ಅದಾರಂತ,
ಎಲ್ಲೋ ಹೊಸ ಭಟ್ಟಿ ಕಸಾನೂ ಕರಗಿಸ್ತಾವಂತ.
ಗುಡ್ಡ ಹೋಗತೈತೋ ಇಲ್ಲೋ ಅವಗೂ ಗೊತ್ತಿಲ್ಲ,
ಎಣಸು ಅಂದಾರ, ಎಣಸಾಕ ಬಂದಾನ.
ಗಿಡಗಿಡಕ್ಕ ನಂಬರು ಬರದ.
ನಾ ಹಿಂದಿಂದ ಹೋದೆ.
ಮುಂಗೈ ದಪ್ಪ ಇಲ್ಲದ್ದು ಬಿಟ್ಟ.
ಪಿಕಳಾರ ಹೇತಲ್ಲಿ ತಾನಾಗಿ ಎದ್ದದ್ದು ಬಿಟ್ಟ.
ಹುತ್ತ ಬಿಟ್ಟ. ಹುಲ್ಲು ಬಿಟ್ಟ.
ಬಾವಿ ಅವನ ಹಾಳಿಯೊಳಗ ಇರಲೇ ಇಲ್ಲ.
"ಯಾರು ಹಚ್ಚಿದ್ದು?" ಅಂದ, ಆ ಕಾಲಮು ಖಾಲಿ ಇತ್ತು.
ದ್ಯಾಮವ್ವ ಮುಳಗುಂದ, ಅಂದೆ.
ಎರಡು ಸಲ ಕೇಳಿ, ಪೆನ್ನು ತಡದು,
"ಇಲಾಖೆ" ಅಂತ ಬರದ.

ರಾತ್ರಿ ಈ ಸುದ್ದಿ ಹೇಳಿದೆ.
ಗಂಡ ಉಂಡು ಎದ್ದು ಹಿತ್ತಲಕ್ಕ ಹೋಗಿ
ತೊಂಡೆಬಳ್ಳಿ ಸರಸಿ, ಲಾರಿಯ ಗ್ಲಾಸು ಒರಸಾಕತ್ತಿದ್ದ.
ಬೈಲಿಲ್ಲ ನಾ.
ಇಷ್ಟು ವರ್ಷ ಸುಮ್ಮ ಕುಂತ ಕೈ ಅದು.
ಬಳ್ಳಿ ಕೀಳಬ್ಯಾಡ, ಅಂದೆ ಅಷ್ಟ,
ನಾಳಿನ ಪಲ್ಯ ಅದರದ್ದ.
ಹೊತ್ತು ಏರೂದರೊಳಗ ನನಗ
ಮುನ್ನೂರು ಚೀಲ ತುಂಬೂದೈತಿ.