ಕುಂಭಾರವಾಡೆಯ ಕೂಜೆ

ಮೇ ತಿಂಗಳಲ್ಲಿ ಯಾರಾದರೂ ಜೈಸಲ್ಮೇರಿಗೆ ಹೋಗುತ್ತಾರೆಯೆ?
ನಾವು ಹೋಗುತ್ತಿದ್ದೇವೆ, ಡೊಂಬಿವಲಿಯ ಹನ್ನೊಂದು ಹೆಂಗಸರು.
ಅರ್ಧ ದರಕ್ಕೆ ಸಿಕ್ಕಿತೆಂದು ಕುಸುಮಕ್ಕ ಟಿಕೆಟು ತೆಗೆದೇಬಿಟ್ಟಳು.
ಬಿಸಿಲಿಗೇನು ದುಡ್ಡು ಕೊಡಬೇಕೇನೆ, ಎಂದಳು.
ನಿಜ. ಅದೊಂದು ಪುಕ್ಕಟೆ,
ಊಟದೆಲೆಯ ತುದಿಯ ಉಪ್ಪಿನಕಾಯಿಯ ಹಾಗೆ.

ಅದಕ್ಕೇ ರಜೆ ಹಾಕಿ ಧಾರಾವಿಗೆ ಬಂದೆ,
ಕುಂಭಾರವಾಡೆಯ ಓಣಿಗೆ, ಒಂದು ಮಣ್ಣಿನ ಕೂಜೆಗೆ.
ಭಟ್ಟಿಯ ಹೊಗೆ ಕಣ್ಣಿಗೆ.
ಆರಲು ಹರಡಿದ ಹಸಿ ಹಣತೆಗಳ ನಡುವೆ
ಹೆಜ್ಜೆಗೆ ಜಾಗ ಬೇಡುತ್ತ ನಿಂತೆ.

ವೇಜಿಬೆನ್ ಕೂಜೆಯೊಂದನ್ನು ಗೆಣ್ಣಿನಿಂದ ತಟ್ಟಿದಳು,
ಕಿವಿಗೊಟ್ಟಳು, ಬೇಡವೆಂದು ಪಕ್ಕಕ್ಕಿಟ್ಟಳು.
ಮೂರನೆಯದು ಸರಿಯಾಗಿ ಉತ್ತರ ಕೊಟ್ಟಿತು.
ಎಲ್ಲಿಗೆ ಪಯಣ ಎಂದಳು. ಹೇಳಿದೆ.
ಅದು ನನ್ನ ಸೀಮೆಯಲ್ಲ, ನಾನು ಭುಜ್‌ನಾಚೆಯವಳು,
ಆದರೂ ಗಾಳಿ ಒಂದೇ, ಎಂದು ಕೈ ಒರೆಸಿಕೊಂಡು ಕೂತಳು.

"ಮಧ್ಯಾಹ್ನ ಊರು ನೋಡಬೇಡ, ಊರೂ ನಿನ್ನನ್ನು ನೋಡದಿರಲಿ.
ನಾಯಿ ಎಲ್ಲಿ ಮಲಗಿದೆಯೋ ಅಲ್ಲಿ ಕೂತುಕೋ,
ಅದಕ್ಕೆ ನಿನಗಿಂತ ಚೆನ್ನಾಗಿ ಗೊತ್ತು.
ತೋಳು ತುಂಬ ಮುಚ್ಚು. ಬಿಸಿಲಿಗೆ ಮೈ ತೋರಿಸುವುದೆಂದರೆ
ಸಾಲ ಕೊಟ್ಟವನಿಗೆ ತಿಜೋರಿ ತೋರಿಸಿದ ಹಾಗೆ.
ಸೊಂಟದಲ್ಲೊಂದು ಈರುಳ್ಳಿ ಇರಲಿ. ಅದರಿಂದ ಏನಾಗುತ್ತದೋ ಗೊತ್ತಿಲ್ಲ,
ರಾತ್ರಿ ರೊಟ್ಟಿಗಂತೂ ಆಗುತ್ತದೆ.
ಮತ್ತೆ, ತೆಳು ಬಟ್ಟೆಯೊಂದನ್ನು ನೆನೆಸಿ ಕತ್ತಿಗೆ ಸುತ್ತಿಕೋ.
ಉಳಿದದ್ದು ಗಾಳಿಗೆ ಬಿಡು."

ನಕ್ಕುಬಿಟ್ಟೆ. ನೆನೆಯುವುದನ್ನು ನಮಗೆ ಹೇಳಿಕೊಡಬೇಕೆ?
ಎಂಟು ಹನ್ನೆರಡರ ಫಾಸ್ಟ್ ಲೋಕಲ್ಲಿನಲ್ಲಿ
ಮುಂಬ್ರಾ ದಾಟುವ ಮೊದಲೇ ರವಿಕೆ ಬೆನ್ನಿಗೆ ಅಂಟಿರುತ್ತದೆ.
ನನ್ನ ಬೆವರು, ಪಕ್ಕದವಳ ಬೆವರು,
ಯಾವುದು ಯಾರದೆಂದು ತಿಳಿಯದ ಅವಿಭಕ್ತ ಕುಟುಂಬ.
ಇಪ್ಪತ್ತು ವರ್ಷದಲ್ಲಿ ಒಂದು ಹನಿಯೂ ನನ್ನನ್ನು ತಣಿಸಿದ್ದಿಲ್ಲ.

"ಹೇಗೆ ತಣಿಸೀತು? ಇಲ್ಲಿಯದು ಉಂಡ ಗಾಳಿ.
ಸಮುದ್ರ ಬಡಿಸುತ್ತಲೇ ಇರುತ್ತದೆ, ಅದು ತೇಗುತ್ತಲೇ ಇರುತ್ತದೆ.
ನಿನ್ನ ಬೆವರು ಯಾರಿಗೆ ಬೇಕು?
ಅಲ್ಲಿಯದು ಹಸಿದದ್ದು. ಕತ್ತಿನ ಮೇಲೊಂದು ತೊಟ್ಟು ಕಂಡರೆ ಸಾಕು,
ಕರುವಿನಂತೆ ಓಡಿಬಂದು ನೆಕ್ಕುತ್ತದೆ.
ನೆಕ್ಕಿದ ಕಡೆಯೆಲ್ಲ ತಂಪು.
ನನ್ನ ಮಡಕೆಯೂ ಈ ಊರಲ್ಲಿ ಅರ್ಧ ಮಡಕೆಯೇ.
ನೀರು ತಣ್ಣಗಾಗಲಿಲ್ಲವೆಂದು ಗಿರಾಕಿಗಳು ಬೈಯುತ್ತಾರೆ.
ಹದಿನೈದಕ್ಕೆ ಮದುವೆಯಾಗಿ ಬಂದವಳು ನಾನು.
ಭಟ್ಟಿಯ ಮುಂದೆಯೇ ಕೂತಿದ್ದೇನೆ,
ಇನ್ನೂ ಒಣಗಿಲ್ಲ."

ದೂರಲಿಲ್ಲ ಅವಳು.
ದಿನಸಿಯ ಚೀಟಿ ಓದುವವರ ಹಾಗೆ ಓದಿದಳು, ಅಷ್ಟೇ.

ರಾತ್ರಿ ಕೂಜೆ ತುಂಬಿಸಿ ಕಿಟಕಿಯಲ್ಲಿಟ್ಟೆ.
ಒದ್ದೆ ಟವೆಲು ಸುತ್ತಿಕೊಂಡು ಫ್ಯಾನಿನಡಿ ಕೂತೆ.
ಜ್ವರವೇನೆ? ಎಂದರು ಇವರು.
ಜೈಸಲ್ಮೇರಿನ ರಿಹರ್ಸಲ್ಲು, ಎಂದೆ.
ಬೆಳಗಾದರೆ ಕೂಜೆಯ ಕೆಳಗೊಂದು ಸಣ್ಣ ಕೆರೆ,
ಟವೆಲು ಇಟ್ಟ ಹಾಗೇ ಒದ್ದೆ,
ನೀರು ನಲ್ಲಿಯಲ್ಲಿದ್ದಷ್ಟೇ ಬಿಸಿ.
ನನಗೇಕೋ ಆ ಕೂಜೆಯ ಮೇಲೆ ಕರುಣೆ ಬಂತು.

ಚೀಲ ಕಟ್ಟಿಯಾಯಿತು. ಉದ್ದ ತೋಳಿನ ರವಿಕೆಗಳು,
ಈರುಳ್ಳಿ ನಾಲ್ಕು, ಅಮ್ಮನ ಮಲ್ಲು ಸೀರೆಯ ಹರಿದ ಸೆರಗು.
ಬಸ್ಸಿನ ಎಸಿಯ ಬಗ್ಗೆ ಭರವಸೆಯಿಲ್ಲವೆಂದು
ಕುಸುಮಕ್ಕ ಈಗ ಫೋನಿನಲ್ಲಿ ಮೆಲ್ಲಗೆ ಹೇಳುತ್ತಾಳೆ.

ಆವತ್ತು ಚಿಲ್ಲರೆ ಎಣಿಸಿ ಕೊಡುತ್ತ ವೇಜಿಬೆನ್ ಹೇಳಿದ್ದಳು:
"ಬರುವಾಗ ಒಡೆಯದೆ ಉಳಿದಿದ್ದರೆ,
ಅಲ್ಲಿಯ ಬಿಸಿಲಿಗೊಂದು ದಿನ ಇಡು.
ಚೆನ್ನಾಗಿ ಒಣಗಿದ ಮೇಲೆ ಬಾಯಿ ಕಟ್ಟಿ ನನಗೆ ತಂದುಕೊಡು."
ಏನು ತುಂಬಿಸಿ ತರಲಿ, ಎಂದೆ.
"ಏನೂ ಬೇಡ."

ಪಕ್ಕದ ಜೇಬಿನಲ್ಲಿ ಬಟ್ಟೆಯ ಚೂರೊಂದು, ಒಂದು ಮಾರು ದಾರ.
ಕುಸುಮಕ್ಕನ ಪಟ್ಟಿಯಲ್ಲಿ ಇವೆರಡು ಇರಲಿಲ್ಲ.